ಪಂಕಜಕ್ಕ ಹೇಳಿದ ಇಸವಿ

ನಿಗಡಿ, ಪುಣೆ
9 ಜೂನ್ 2024

ಪ್ರಿಯ ಶರಣ್ಯಾ,

ನನ್ನ ಅಕ್ಷರ ಕಂಡ ಕೂಡಲೇ ಕವರನ್ನು ಪಕ್ಕಕ್ಕಿಡಬೇಡ, ಒಮ್ಮೆ ಓದು. ಎರಡು ವರ್ಷದಿಂದ ನಿನ್ನ ಮೊಬೈಲಿಗೆ ನನ್ನ ಕರೆ ಹೋಗುತ್ತಿಲ್ಲ. ಅದನ್ನು ತಪ್ಪೆನ್ನುವ ಹಕ್ಕು ನನಗಿಲ್ಲ. ಕಾರ್ಕಳದ ವಿಳಾಸ ಕೊಟ್ಟವನು ನಿನ್ನ ತಮ್ಮ ಸುಖೇಶ. ಕೊಡುವ ಮೊದಲು ಅವನೂ ಸ್ವಲ್ಪ ಹಿಂದೆಮುಂದೆ ನೋಡಿದ. ಇಂಗ್ಲಿಷಿನಲ್ಲಿ ಬರೆದರೆ ವಕೀಲರ ಕಾಗದದಂತೆ ಕಾಣುತ್ತದೆ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನೀನು ಬಿಟ್ಟುಹೋದ ಮೇಲೂ ನಮ್ಮ ‘ಪಂಕಜಕ್ಕ’ ಬೆಳೆಯಿತು. ಪುಣೆ ಕ್ಯಾಂಪಿನ ನಿಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತು ನಿನ್ನ ಅಮ್ಮನ, ನನ್ನ ಕಾಕುವಿನ, ಸಾರಿನ ಪುಡಿ ತುಂಬುತ್ತಿದ್ದೆವಲ್ಲ, ಅವರದೇ ಹೆಸರು, ಅವರದೇ ಮುಖದ ಚಿತ್ರ ಇದ್ದ ಆ ಪ್ಯಾಕೆಟ್ಟು ಈಗ ಪಿಂಪರಿ-ಚಿಂಚವಾಡದ ಬಹಳಷ್ಟು ಅಂಗಡಿಗಳಲ್ಲಿದೆ. ಪುಡಿ ಚಾಕಣದ ಯಂತ್ರದಲ್ಲಿ ತಯಾರಾಗುತ್ತದೆ. ಆ ಯಂತ್ರಕ್ಕೆ ಮುನಿದೇ ನೀನು ಹೋದದ್ದು, ನನಗೆ ನೆನಪಿದೆ.

ಈಗ ಹೆಸರಿಗೇ ಕುತ್ತು ಬಂದಿದೆ. ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಹಾಕಿದ್ದೆ. ಬೇರೆ ರಾಜ್ಯದ ಒಂದು ದೊಡ್ಡ ಕಂಪನಿ 2004ರಿಂದ ‘ಪಂಕಜ’ ಎಂಬ ಹೆಸರಿನಲ್ಲಿ ಮಸಾಲೆ ಮಾರುತ್ತದಂತೆ. ನಮ್ಮ ಹೆಸರು ಅವರ ಹೆಸರಿನ ನಕಲು ಎಂದು ತಕರಾರು ಹಾಕಿದ್ದಾರೆ. ನಮ್ಮ ವಕೀಲ ದಿಗಂಬರ ಅವರು ಧಾರವಾಡದ ಕಡೆಯವರು. “ಯಾರು ಮೊದಲ ಆ ಹೆಸರು ವಾಪರಿಸಿದ್ರು ಅನ್ನೋದ ಮುಖ್ಯ ರೀ,” ಎಂದರು. “ಆ ಕಾಕು ಹೋಟೆಲಿನ ಗಲ್ಲಾದ ಮ್ಯಾಲೆ ತಮ್ಮ ಹೆಸರಿಲೆ ಪುಡಿ ಇಟ್ಟು ಮಾರತಿದ್ರು ಅಂದ್ರಲಾ. ಅದು ಎರಡ ಸಾವಿರದ ನಾಕಕ್ಕಿಂತ ಹಿಂದಿಂದಾದ್ರ ನಾವು ಗೆಲ್ತೀವಿ.”

ಕಾಕು ಪುಡಿ ಮಾರಲು ಶುರುಮಾಡಿದ್ದು ಯಾವ ವರ್ಷ, ನಿನಗೆ ನೆನಪಿದೆಯೇ? ಹೆಸರು ಹೋದರೆ ದೊಡ್ಡ ಅಂಗಡಿಗಳು ನಮ್ಮ ಮಾಲನ್ನು ಕಪಾಟಿನಿಂದ ಇಳಿಸಿಬಿಡುತ್ತವೆ. ಇಲ್ಲಿ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರಿಗೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ.

ನಿನ್ನ,
ನೀಲಿಮಾ


ಕಾರ್ಕಳ
24 ಜೂನ್ 2024

ನೀಲಿಮಾ,

2012.

ಅಪ್ಪನಿಗೆ ಎಡಭಾಗ ಬಿದ್ದುಹೋದ ವರ್ಷ. ಊಟದ ಹಾಲ್ ಮುಚ್ಚಿ ತಿಂಡಿ-ಚಹಾ ಮಾತ್ರ ಉಳಿದಾಗ ಅಮ್ಮ ಪುಡಿ ಮಾಡಿ ಗಲ್ಲಾದ ಮೇಲೆ ಇಟ್ಟಳು. ಮೊದಲ ಲೇಬಲ್ಲು ಅಂಟಿಸಿದವಳು ನಾನು, ಹಾಗಾಗಿ ನನಗೆ ಅನುಮಾನವಿಲ್ಲ. ಆ ಕಂಪನಿಯ 2004ರ ಮುಂದೆ ಇದು ನಿಲ್ಲುವುದಿಲ್ಲ ಎಂದು ವಕೀಲರ ಹತ್ತಿರ ಹೋಗದ ನನಗೂ ಅರ್ಥವಾಗುತ್ತದೆ.

ನಾನು ಮುನಿದದ್ದು ಯಂತ್ರಕ್ಕಲ್ಲ. ಪುಡಿಯ ರುಚಿ ಬದಲಾದ ಮೇಲೆ ಅಮ್ಮನ ಹೆಸರು ತೆಗೆ ಎಂದೆ. ನೀನು, “ಹೆಸರು ಈಗ ಕಾಕುಂದಲ್ಲ, ಪ್ಯಾಕೆಟ್ಟಿಂದು” ಎಂದೆ. ನಾನು ಎದ್ದು ಬಂದದ್ದು ಆ ಮಾತಿಗೆ.

ಈಗಲಾದರೂ ಹೆಸರು ಬದಲಿಸು. ಒಂದು ವಿಷಯ ಕೇಳಿಕೊಳ್ಳುತ್ತೇನೆ: ಅಮ್ಮನನ್ನು ಈ ಕೇಸಿಗೆ ಎಳೆಯಬೇಡ. ಪ್ಯಾಕೆಟ್ಟಿನ ಮೇಲೆ ತನ್ನ ಮುಖ ಇದೆ ಎಂದರೆ ಅವಳಿಗೆ ಎಷ್ಟು ಆಸೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ ಅವಳು.

ಶರಣ್ಯಾ


ನಿಗಡಿ
18 ಆಗಸ್ಟ್ 2024

ಪ್ರಿಯ ಶರಣ್ಯಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು.

ಮೊನ್ನೆ ಕ್ಯಾಂಪಿಗೆ ಹೋಗಿದ್ದೆ. ಕಾಕು ಚೆನ್ನಾಗಿದ್ದಾರೆ. ನಾನು ಬರುತ್ತೇನೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದರು. ಗಲ್ಲಾದ ಹಿಂದಿನ ಗಾಜಿನ ಕಪಾಟಿನಲ್ಲಿ ನಮ್ಮ ಪ್ಯಾಕೆಟ್ಟುಗಳನ್ನು ಮುಖ ಹೊರಗೆ ಕಾಣುವಂತೆ ಜೋಡಿಸಿದ್ದಾರೆ. ಪಾರ್ಸೆಲ್ಲಿಗೆ ಕಾಯುತ್ತಿದ್ದ ಪಾರ್ಸಿ ಅಜ್ಜನೊಬ್ಬನಿಗೆ ಒಂದನ್ನು ತೆಗೆದು ತೋರಿಸಿ, “ಯೇ ಮೈ ಹೂಂ” ಎಂದರು. ಅವನು ಪ್ಯಾಕೆಟ್ಟನ್ನೂ ಕಾಕುವನ್ನೂ ನೋಡಿ, “ಫೋಟೋ ಮೇ ಜವಾನ್ ಹೋ” ಎಂದು ಅವರ ಪ್ರಾಯವನ್ನು ತಮಾಷೆ ಮಾಡಿದ. ಕಾಕು ನಕ್ಕ ನಗು ಅಡುಗೆಮನೆಯವರೆಗೂ ಕೇಳಿಸಿತು.

ಅವರು ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಪಕ್ಕದ ರಸ್ತೆಯಲ್ಲೇ ನೋಟರಿ ಇದ್ದರು. ಹಳೆಯ ಲೇಬಲ್ಲು ಒಂದು ಕಾಕು ಬಳಿಯೇ ಇತ್ತು, ಅದನ್ನೂ ಲಗತ್ತಿಸಿದೆವು. ಬಲವಂತ ಯಾರೂ ಮಾಡಲಿಲ್ಲ. ಉಳಿದದ್ದು ವಕೀಲರ ಕೆಲಸ.

ನೀನು ಬರೆದದ್ದು ನನಗೆ ನೆನಪಿತ್ತು. ಆದರೆ ಶೆಡ್ಡಿನ ಬಾಗಿಲು ತೆಗೆದು ಆ ಹೆಂಗಸರು ಕೂತಿರುವುದನ್ನು ನೋಡಿದಾಗ ಬೇರೆ ದಾರಿ ಕಾಣಲಿಲ್ಲ. ಗಣಪತಿ ಹಬ್ಬಕ್ಕೆ ನೀನು ಬರುತ್ತೀ ಎಂದು ಕಾಕು ಹೇಳಿದರು. ಬಂದರೆ ಒಮ್ಮೆ ಸಿಗುವೆಯಾ?

ನೀಲಿಮಾ


ಕಾರ್ಕಳ
2 ಫೆಬ್ರವರಿ 2025

ನೀಲಿಮಾ,

ಗಣಪತಿ ಹಬ್ಬಕ್ಕೆ ಬಂದಾಗ ನಿನ್ನನ್ನು ನೋಡದೆ ಹೋದೆ. ಇನ್ನು ಮುಂದೆ ಬರೆಯಬಾರದೆಂದೇ ಇದ್ದೆ.

ಕಂಪನಿಯವರು ಕೊಟ್ಟ ಉತ್ತರದ ಪ್ರತಿ ಹೋಟೆಲಿಗೂ ಬಂದಿದೆ. ಸುಖೇಶ ಅದರ ಫೋಟೋ ಕಳಿಸಿದ. ಅಮ್ಮ 1999ರಿಂದ ಪುಡಿ ಮಾರುತ್ತಿದ್ದಾಳೆ ಎಂದು ಪ್ರಮಾಣ ಮಾಡಿದ್ದಾಳಂತೆ. ಆ ವರ್ಷದ್ದೆಂದು ನೀವು ಕೊಟ್ಟ ಲೇಬಲ್ಲಿನ ಕೆಳಮೂಲೆಯಲ್ಲಿ ಆಹಾರ ಪರವಾನಗಿಯ ಸಂಖ್ಯೆ ಇದೆ. ಆ ಕಾನೂನು ಆದದ್ದೇ 2006ರಲ್ಲಿ, ಆ ಸಂಖ್ಯೆ ಕೊಡತೊಡಗಿದ್ದು ಅದಕ್ಕೂ ವರ್ಷಗಳ ನಂತರ. ‘ಸಾಕ್ಷಿ ಹೇಳಿದ ಮಹಿಳೆ ತಿಳಿದೂ ತಿಳಿದೂ ಸುಳ್ಳು ಹೇಳಿದ್ದಾರೆ’ ಎಂದು ಬರೆದು, ಕ್ರಿಮಿನಲ್ ದೂರು ಕೊಡುವುದಾಗಿ ಹೇಳಿದ್ದಾರೆ. ನನ್ನ ಅಮ್ಮನ ಮೇಲೆ, ನೀಲಿಮಾ.

ಸುಖೇಶ ಕೇಳಿದರೆ ಅಮ್ಮ, “ನನಗೆ ನೆನಪಿಲ್ಲ ಮಗಾ. ಈಗೀಗ ಎಂತದೂ ನೆನಪಿರುವುದಿಲ್ಲ,” ಎನ್ನುತ್ತಾಳೆ. ಹತ್ತು ಟೇಬಲ್ಲಿನ ಬಿಲ್ಲನ್ನು ಬಾಯಲ್ಲೇ ಕೂಡಿಸುವವಳು ಹೀಗೆ ಹೇಳಿದ್ದಕ್ಕೆ ಅವನು ಹೆದರಿಹೋದ. ಅವಳನ್ನು ಗಲ್ಲಾದಿಂದ ಎಬ್ಬಿಸಿ ಒಳಗೆ ಕೂರಿಸಿದ್ದಾನೆ. ಡಾಕ್ಟರಿಗೆ ತೋರಿಸುತ್ತಾನಂತೆ. ಅಪ್ಪ ಕೂತು ಎದ್ದ ಕುರ್ಚಿ ಅದು. ಅಪ್ಪ ಹೋದ ಮೇಲೆ ಅಮ್ಮ ಒಂದು ದಿನವೂ ಅದನ್ನು ಬಿಟ್ಟವಳಲ್ಲ.

2012 ಎಂದು ನಾನು ನಿನಗೆ ಬರೆದಿದ್ದೆ. ಮತ್ತೆ ಆ ಇನ್ನೊಂದು ಇಸವಿ ಎಲ್ಲಿಂದ ಬಂತು? ಸಹಿಯ ದಿನ ನೀನು ಅಲ್ಲಿದ್ದೆ. ಅಮ್ಮನಿಗೆ ನಿಜವಾಗಿಯೂ ಮರೆವು ಬಂದಿದೆಯೋ ಇಲ್ಲವೋ ಹೇಳಬಲ್ಲವಳು ನೀನೊಬ್ಬಳೇ.

ಹೇಳು.

ಶರಣ್ಯಾ


ನಿಗಡಿ
16 ಫೆಬ್ರವರಿ 2025

ಪ್ರಿಯ ಶರಣ್ಯಾ,

ಕೇಸಿನ ಬಗ್ಗೆ ಕಾಗದದಲ್ಲಿ ಏನೂ ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ. ತಪ್ಪು ತಿಳಿಯಬೇಡ.

ವಯಸ್ಸಾದವರಿಗೆ ವರ್ಷಗಳು ಒಂದರೊಳಗೊಂದು ಸೇರಿಹೋಗುತ್ತವೆ. ನನ್ನ ಅಜ್ಜಿಗೂ ಹಾಗೇ ಆಗಿತ್ತು. ಬೇಗ ತೋರಿಸಿದರೆ ಒಳ್ಳೆಯದು ಎನ್ನುತ್ತಾರೆ. ನಿಗಡಿಯಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ, ಬೇಕಾದರೆ ಹೆಸರು ಕಳಿಸುತ್ತೇನೆ.

ಕಾಕು ಅವರನ್ನು ಕೇಳಿದೆ ಎಂದು ಹೇಳು.

ನೀಲಿಮಾ


ಪುಣೆ ಕ್ಯಾಂಪ್
11 ಮಾರ್ಚ್ 2025

ಚಿ. ನೀಲಿಮಾಳಿಗೆ ಪಂಕಜಾಕ್ಷಿಯ ಆಶೀರ್ವಾದ.

ನಿನಗೆ ಕಾಗದ ಬರೆಯುವುದು ಇದೇ ಮೊದಲು. ನನ್ನ ಫೋನು ಈಗ ಸುಖೇಶನ ಹತ್ತಿರ ಉಂಟು. ಕಂಪನಿಯವರು ಫೋನು ಮಾಡಿದರೆ ನಾನು ಏನಾದರೂ ಹೇಳಿಬಿಟ್ಟೇನೆಂದು ಅವನಿಗೆ ಹೆದರಿಕೆ. ಮೂಲೆಯ ಝೆರಾಕ್ಸ್ ಅಂಗಡಿಯವನು ಇದನ್ನು ಪೋಸ್ಟಿಗೆ ಹಾಕುತ್ತೇನೆ ಎಂದಿದ್ದಾನೆ.

ನೀನು ಹೆದರಬೇಡ. ನಿನ್ನ ಹೆಸರು ನಾನು ಎಲ್ಲಿಯೂ ಎತ್ತಲಿಲ್ಲ. ಶರಣ್ಯಾ ಫೋನಿನಲ್ಲಿ ಕೇಳಿ ಕೇಳಿ ಸುಸ್ತಾದಳು. ಅವಳಿಗೂ ನೆನಪಿಲ್ಲ ಎಂದೇ ಹೇಳಿದೆ.

ಹೋದ ವಾರ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇವತ್ತು ಯಾವ ವಾರ ಎಂದು ಅವರು ಕೇಳಿದರು. ಶನಿವಾರ ಎಂದು ನನಗೆ ಗೊತ್ತಿತ್ತು, ಗುರುವಾರ ಎಂದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಇಷ್ಟು ವರ್ಷ ಚಿಲ್ಲರೆ ಎಣಿಸಿದ ಬಾಯಿ, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ತಾನಾಗಿ ಹೊರಟಿತು. ಆಮೇಲೆ ನೆನಪಾಗಿ ನಿಲ್ಲಿಸಿ, ಮುಂದೆ ಗೊತ್ತಿಲ್ಲ ಎಂದೆ. ಅವರು ಬರೆದುಕೊಂಡರು. ನಾನು ತಿರುಗಿ ನೋಡಿದರೆ ಸುಖೇಶ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅದೊಂದು ನನಗೆ ತಡೆಯಲಿಕ್ಕೆ ಆಗಲಿಲ್ಲ.

ಮಾತ್ರೆ ಕೊಟ್ಟಿದ್ದಾರೆ. ನಾನು ನುಂಗುವುದಿಲ್ಲ.

ಇದೆಲ್ಲ ನಿನಗಾಗಿ ಮಾಡಿದ್ದು ಎಂದು ತಿಳಿಯಬೇಡ. ಸುಳ್ಳು ಹೇಳಿದ ತಾಯಿ ಎಂದು ಮಗನ ಎದುರು ನಿಲ್ಲುವುದಕ್ಕಿಂತ ಮರೆವಿನ ಮುದುಕಿ ಎಂದು ಒಳಗೆ ಕುಳಿತುಕೊಳ್ಳುವುದು ನನಗೆ ಸುಲಭ. ಮುದುಕಿಗೆ ಮರೆವು ಎಂದರೆ ಕಂಪನಿಯವರು ಬಿಟ್ಟುಬಿಡುತ್ತಾರಾ ಎಂದು ನಿನ್ನ ವಕೀಲರನ್ನು ಕೇಳು. ಪ್ಯಾಕೆಟ್ಟು ಮಾತ್ರ ನಿಲ್ಲಬಾರದು.

ನೀನು ಈಗ ಇಲ್ಲಿಗೆ ಬರಬೇಡ.

ಪಂಕಜಾಕ್ಷಿ


ನಿಗಡಿ
20 ಏಪ್ರಿಲ್ 2025

ಶರಣ್ಯಾ,

ನಿನ್ನ ಅಮ್ಮನಿಗೆ ಮರೆವಿಲ್ಲ. ಎಂದೂ ಇರಲಿಲ್ಲ. ಈ ಎರಡು ಸಾಲನ್ನು ಫೆಬ್ರವರಿಯಲ್ಲಿ ಬರೆಯಬೇಕಿತ್ತು. ಮರೆವಿನ ನಟನೆಯ ಬಗ್ಗೆ ಮಾರ್ಚಿನಲ್ಲಿ ಕಾಕು ತಾವೇ ನನಗೆ ಬರೆದರು. ಅದನ್ನು ಓದಿಯೂ ನಾನು ಒಂದು ತಿಂಗಳ ಮೇಲೆ ಸುಮ್ಮನೆ ಕೂತೆ. ಅವರ ನಟನೆ ನನಗೆ ಅನುಕೂಲವಾಗಿತ್ತು.

ಸಹಿಯ ದಿನ ನಡೆದದ್ದು ಇಷ್ಟು. ಪ್ರಮಾಣಪತ್ರ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಓದಿ ಹೇಳಿದೆ. ಇಸವಿ ಬಂದ ಕೂಡಲೇ ಕಾಕು ತಡೆದರು. “ತೊಂಬತ್ತೊಂಬತ್ತಾ? ಹನ್ನೆರಡು ಅಲ್ಲವಾ ಮಗಾ? ಇವರು ಮಲಗಿದ ಮೇಲೆ ಅಲ್ಲವಾ ಶುರುಮಾಡಿದ್ದು?”

ನಾನು, “ಕಾಕು, ಹಂಗ ಬರದ್ರ ಪ್ಯಾಕೆಟ್ಟು ನಿಂತು ಹೋಗ್ತದ್ರಿ,” ಎಂದೆ.

“ನನ್ನ ಮುಖವೂ ಹೋಗುತ್ತದಾ?”

“ಹೌದ್ರಿ.”

ಅವರು ಕನ್ನಡಕ ಸರಿಮಾಡಿಕೊಂಡು, “ಎಲ್ಲಿ ಹಾಕುವುದು?” ಎಂದರು. ನಾನು ಬೆರಳಿಟ್ಟು ತೋರಿಸಿದೆ. ವಕೀಲರಿಗೆ ಇದು ಗೊತ್ತಿರಲಿಲ್ಲ. ಅವರು ಇಸವಿ ಕೇಳಿದಾಗ ಹೇಳಿದವಳು ನಾನು.

ಮೊನ್ನೆ ಬುಧವಾರ ಕ್ಯಾಂಪಿಗೆ ಹೋದೆ. ಬೆಳಗಿನ ತಿಂಡಿಯ ಗದ್ದಲವಿತ್ತು. ಗಲ್ಲಾದಲ್ಲಿದ್ದ ಸುಖೇಶ, “ಬನ್ನಿ ನೀಲಿಮಕ್ಕ, ಅಮ್ಮ ಒಳಗೆ ಇದ್ದಾಳೆ. ನಿಮ್ಮ ಗುರುತು ಸಿಕ್ಕಿದರೆ ಪುಣ್ಯ,” ಎಂದ. ಕುಳಿತು ಹೇಳೋಣ ಎಂದುಕೊಂಡಿದ್ದೆ, ಆ ಮಾತು ಕೇಳಿದ ಮೇಲೆ ಕೂರಲು ಆಗಲಿಲ್ಲ.

“ಸುಖೇಶ, ಕಾಕುಗ ಏನೂ ಆಗಿಲ್ಲ. ಆ ಇಸವಿ ನಾನ ಹೇಳಿಸಿದ್ದು.”

ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. “ಅಂದರೆ ಅಮ್ಮನಿಗೆ ಗೊತ್ತಿತ್ತಾ?” ಎಂದು ಕೇಳಿದ.

ಶರಣ್ಯಾ, ಇಡೀ ದಾರಿ ನಾನು ನನ್ನ ತಪ್ಪನ್ನು ಹೇಗೆ ಒಪ್ಪಿಕೊಳ್ಳುವುದೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಗೊತ್ತಿತ್ತು ಎಂದೆ.

ಅವನು ಒಳಗೆ ಕೂಗಿದ. ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು.

“ಅಮ್ಮ, ಇವತ್ತು ಯಾವ ವಾರ?”

ಅವರು ನನ್ನ ಮುಖ ನೋಡಿದರು, ಆಮೇಲೆ ಮಗನದು. “ಬುಧವಾರ,” ಎಂದರು, ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಅಮ್ಮ, ಆ ಡಾಕ್ಟರ ಎದುರು ನಾನು ಅತ್ತುಬಿಟ್ಟೆ,” ಎಂದ ಸುಖೇಶ. ತಿಂಡಿ ತಿನ್ನುತ್ತಿದ್ದವರು ತಲೆಯೆತ್ತಿ ನೋಡುತ್ತಿದ್ದರು. ಕಾಕು ಒಳಗೆ ಹೋದರು. ನಾನು ಹೊರಗೆ ಬಂದು ಎಷ್ಟು ದೂರ ನಡೆದೆನೋ ಗೊತ್ತಿಲ್ಲ.

ಅಂದೇ ವಕೀಲರಿಗೂ ಹೇಳಿದೆ. ದಿಗಂಬರ ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. “ಖರೇ ಇದ್ದದ್ದ ಹೇಳಿದ್ರ ನಿಮಗ ನೋಂದಣಿ ಸಿಗ್ತಿದ್ದಿಲ್ಲ, ಹೌದು. ಆದ್ರ ಆಕಿ ತನ್ನ ಹೋಟೆಲಿನ್ಯಾಗ ತನ್ನ ಹೆಸರಿಲೆ ನಾಕು ಪುಡಿ ಮಾರೋದನ್ನ ತಡಿಯೋದು ಅವರಿಗೆ ಅಷ್ಟು ಸರಳ ಇರಲಿಲ್ಲ. ಸ್ವಂತ ಹೆಸರು ರೀ ಅದು, ಕಾಯಿದೆಯೊಳಗ ಅದಕ್ಕ ಜಾಗಾ ಅದ. ಸುಳ್ಳು ಬರಸಿ ಅದನ್ನೂ ಕಳದ್ರಿ.”

ಇಸವಿ ಹೇಳಿಕೊಟ್ಟವಳು ನಾನೇ ಎಂದು ನಾನೊಂದು ಪ್ರಮಾಣಪತ್ರ ಕೊಡುತ್ತೇನೆ. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ. ಹಾಗೆ ಮಾಡಿದರೆ ಕಾಕು ಮೇಲೆ ದೂರು ಕೊಡುವುದಿಲ್ಲ ಎಂದು ಕಂಪನಿಯ ವಕೀಲರು ಫೋನಿನಲ್ಲೇ ಒಪ್ಪಿದ್ದಾರೆ. ಆದರೆ ನನ್ನ ಪ್ಯಾಕೆಟ್ಟಿನ ಮೇಲಾಗಲಿ, ನಿಮ್ಮ ಹೋಟೆಲಿನ ಗಲ್ಲಾದ ಮೇಲಾಗಲಿ ಆ ಹೆಸರಿನಲ್ಲಿ ಇನ್ನು ಏನನ್ನೂ ಮಾರಬಾರದು, ಹಾಗೆಂದು ಬರೆದುಕೊಡಬೇಕು. ಸುಖೇಶ ಸಹಿ ಹಾಕುತ್ತೇನೆ ಎಂದಿದ್ದಾನೆ.

ನಿನ್ನ ಉತ್ತರ ಬರಲೇಬೇಕೆಂದು ನಾನು ಕೇಳುವುದಿಲ್ಲ.

ನೀಲಿಮಾ


ಕಾರ್ಕಳ
4 ಮೇ 2025

ನೀಲಿಮಾ,

ಸುಖೇಶ ಎಲ್ಲ ಹೇಳಿದ. ನೀನು ಹೋಟೆಲಿಗೆ ಹೋಗಿ ನಿಂತು ಹೇಳಿದ್ದು ಸುಲಭವಾಗಿರಲಿಲ್ಲ, ಗೊತ್ತು.

ನಿನ್ನ ಫೆಬ್ರವರಿಯ ಪತ್ರವನ್ನು ಇವತ್ತು ಮತ್ತೆ ತೆಗೆದು ಓದಿದೆ. ಅದು ಬಂದ ದಿನ ಊಟ ಬಿಟ್ಟು ಕೂತು, ಮರೆವಿನ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಅಮ್ಮ ಇನ್ನೆಷ್ಟು ದಿನ ನನ್ನನ್ನು ಗುರುತಿಸುತ್ತಾಳೋ ಎಂದು ಲೆಕ್ಕ ಹಾಕಿದ್ದೆ. ಇಸವಿಯನ್ನು ನಾನು ಕ್ಷಮಿಸಬಹುದೇನೋ. ಕೆಲಸ, ಹೆಂಗಸರು, ಹೆದರಿಕೆ, ಎಲ್ಲ ಅರ್ಥವಾಗುತ್ತದೆ. ನಿಗಡಿಯ ಡಾಕ್ಟರ ಹೆಸರು ಕಳಿಸುತ್ತೇನೆ ಎಂದು ಬರೆದೆಯಲ್ಲ, ಆ ಸಾಲನ್ನು ಏನು ಮಾಡಲಿ ಎಂದು ನನಗೆ ತಿಳಿಯುವುದಿಲ್ಲ.

ಸದ್ಯಕ್ಕೆ ಬರೆಯಬೇಡ.

ಶರಣ್ಯಾ


ಪುಣೆ ಕ್ಯಾಂಪ್
29 ಜೂನ್ 2025

ಚಿ. ನೀಲಿಮಾಳಿಗೆ,

ಈ ಸಲ ಇದನ್ನು ನಾನೇ ಪೋಸ್ಟಿಗೆ ಹಾಕುತ್ತೇನೆ. ಫೋನು ತಿರುಗಿ ಕೊಟ್ಟಿದ್ದಾನೆ. ಆದರೆ ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನಾನು ಬೈಯುತ್ತೇನೆ, ಇಲ್ಲವೇ ಅಳುತ್ತೇನೆ. ಎರಡೂ ಬೇಡ.

ಕಪಾಟಿನಿಂದ ಪ್ಯಾಕೆಟ್ಟು ಎಲ್ಲ ತೆಗೆದಾಯಿತು. ಅಲ್ಲಿ ಈಗ ಖಾರಿ ಬಿಸ್ಕತ್ತಿನ ಡಬ್ಬ ಇಟ್ಟಿದ್ದೇವೆ. ಪುಡಿ ಕೇಳಿ ಬಂದವರಿಗೆ ಸುಖೇಶ ಬಂದ್ ಆಯಿತು ಎನ್ನುತ್ತಾನೆ, ಏಕೆ ಎಂದು ಹೇಳುವುದಿಲ್ಲ. ನಿನ್ನ ಹೊಸ ಹೆಸರಿನ ಪ್ಯಾಕೆಟ್ಟನ್ನು ಅವನು ಎಲ್ಲಿಯೋ ನೋಡಿದನಂತೆ. ಮುಖ ಇದ್ದ ಜಾಗದಲ್ಲಿ ಕೊತ್ತಂಬರಿ ಸೊಪ್ಪು ಉಂಟಂತೆ. ಒಳ್ಳೆಯದಾಯಿತು. ನಿನ್ನ ಹೆಂಗಸರಿಗೆ ಕೆಲಸ ಉಳಿಯಲಿ.

ನೀನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ಶರಣ್ಯಾ ಸಹ ಅಷ್ಟನ್ನು ಒಪ್ಪಿದಳು. ಇರಬಹುದು. ಆದರೆ ಮಗಾ, ಸುಳ್ಳು ಹೇಳಿಸುವಾಗ ನನ್ನನ್ನು ಕೇಳಿದ್ದಿ, ನಾನು ಹೂಂ ಎಂದಿದ್ದೆ. ನಿಜ ಹೇಳುವಾಗ ನನ್ನನ್ನು ಕೇಳಲಿಲ್ಲ. ಅಷ್ಟು ಜನರ ಎದುರು, ತಿಂಡಿಯ ಹೊತ್ತಿನಲ್ಲಿ ಬಂದು ಹೇಳಿದಿ. ನಿನ್ನ ಮನಸ್ಸು ಹಗುರ ಆಗಿರಬಹುದು. ನಾನು ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ಕಲ್ಲಿನ ಹಿಂದೆ ನಿಂತಿದ್ದೆ, ಹೊರಗೆ ಬರಲಿಕ್ಕೆ ಮಧ್ಯಾಹ್ನ ಆಯಿತು.

ಗಲ್ಲಾದಲ್ಲಿ ನಾನೇ ಕುಳಿತುಕೊಳ್ಳುತ್ತೇನೆ. ಬಿಲ್ಲು ನಾನೇ ಕೂಡಿಸುತ್ತೇನೆ. ಸುಖೇಶ ಒಂದು ಮಾತೂ ಬೈಯಲಿಲ್ಲ. ಊಟ ಆಯಿತಾ ಕೇಳುತ್ತಾನೆ, ಮಲಗು ಎನ್ನುತ್ತಾನೆ, ಎಲ್ಲ ಮೊದಲಿನ ಹಾಗೆ.

ಡಾಕ್ಟರ ಹತ್ತಿರ ಹೋಗುತ್ತಿದ್ದ ದಿನಗಳಲ್ಲಿ ಎಂ.ಜಿ. ರಸ್ತೆ ದಾಟುವಾಗ ಅವನು ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ಚಿಕ್ಕವನಿರುವಾಗ ನಾನು ಅವನ ಕೈ ಹಿಡಿಯುತ್ತಿದ್ದ ಹಾಗೆ, ಬೆರಳಿನೊಳಗೆ ಬೆರಳು ಹಾಕಿ. ನಿನ್ನೆ ಚಪ್ಪಲಿ ತರಲಿಕ್ಕೆ ಇಬ್ಬರೂ ಹೋಗಿದ್ದೆವು. ಗಾಡಿಗಳು ಬರುತ್ತಿದ್ದವು. ನಾನು ಕೈ ಚಾಚಿದೆ. ಅವನು, “ನಿನಗೆ ಗೊತ್ತಾಗುತ್ತದಲ್ಲ ಅಮ್ಮ,” ಎಂದು ಮುಂದೆ ನಡೆದ.

ಪಂಕಜಾಕ್ಷಿ